84ಕ್ಕೂ 85ಕ್ಕೂ ನಡುವೆ: ವಿಡಿಯೋ ಗೇಮಿನ ಅಂಕಗಳು ಹೇಳುವುದೇನು, ಮುಚ್ಚಿಡುವುದೇನು?



ಕಳೆದ ತಿಂಗಳ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಯುವ ವಿಭಾಗದವರು ಒಂದು ಸಲಹೆ ಮುಂದಿಟ್ಟರು. ನಮ್ಮ ಈ ಪುಟದಲ್ಲಿ ಬರುವ ನಾಟಕ, ತಾಳಮದ್ದಳೆ, ಪುಸ್ತಕಗಳ ಪರಿಚಯದ ಕೊನೆಗೆ ನೂರಕ್ಕೆ ಇಷ್ಟು ಎಂದು ಅಂಕ ಹಾಕಬೇಕಂತೆ. "ಈಗ ಎರಡು ಪುಟ ಯಾರು ಓದ್ತಾರೆ ಸರ್? ವಿಡಿಯೋ ಗೇಮಿಗೆ ಹಾಕುವ ಹಾಗೆ ಒಂದು ಸಂಖ್ಯೆ ಇದ್ದರೆ ಸಾಕು" ಎಂದರು. ನಡಾವಳಿಯಲ್ಲಿ ಬರೆದುಕೊಂಡೆ. ಆದರೆ ವಿಡಿಯೋ ಗೇಮಿಗೆ ಅಂಕ ಹೇಗೆ ಬೀಳುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಕಡತ ನೋಡದೆ ಟಿಪ್ಪಣಿ ಬರೆಯುವ ಅಭ್ಯಾಸ ನನಗೆ ಸರ್ವೀಸಿನಲ್ಲೂ ಇರಲಿಲ್ಲ. ಮನೆಗೆ ಬಂದು ಪ್ಲಸ್ ಟು ಓದುತ್ತಿರುವ ಮೊಮ್ಮಗನನ್ನು ಕೂರಿಸಿಕೊಂಡು ಕೇಳಿದೆ. ಆಮೇಲೆ ನಾನೇ ಒಂದಷ್ಟು ಓದಿದೆ. ತಿಳಿದದ್ದನ್ನು ಮುಂದಿನ ಸಭೆಗೆ ಮೊದಲು ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ.

ಅಂಕ ಏಕೆ ಬೇಕಾಯಿತು?

ಸಿನಿಮಾ ಚೆನ್ನಾಗಿಲ್ಲದಿದ್ದರೆ ಟಿಕೆಟಿನ ದುಡ್ಡು ಮತ್ತು ಮೂರು ಗಂಟೆ ಹೋಯಿತು, ಅಷ್ಟೆ. ದೊಡ್ಡ ಕಂಪನಿಗಳ ಹೊಸ ಗೇಮಿಗೆ ನಮ್ಮಲ್ಲಿ ನಾಲ್ಕೈದು ಸಾವಿರ ರೂಪಾಯಿ ಬೆಲೆ ಇರುವುದುಂಟು. ಆಡಿ ಮುಗಿಸಲು ಮೂವತ್ತು, ನಲವತ್ತು, ಕೆಲವಕ್ಕೆ ನೂರು ಗಂಟೆಯೂ ಬೇಕು. ಹಾಗಾಗಿ ಕೊಳ್ಳುವ ಮೊದಲು ಯಾರನ್ನಾದರೂ ಕೇಳಬೇಕೆನಿಸುವುದು ಸಹಜ. ಸಾಮಾನ್ಯವಾಗಿ ಕಂಪನಿಯವರು ಬಿಡುಗಡೆಗೆ ಮೊದಲೇ ವಿಮರ್ಶಕರಿಗೆ ಪ್ರತಿ ಕೊಡುತ್ತಾರೆ. ಅವರು ಆಡಿ ನೋಡಿ ಬರೆಯುತ್ತಾರೆ, ಕೊನೆಗೊಂದು ಅಂಕ ಕೊಡುತ್ತಾರೆ.

ಒಬ್ಬೊಬ್ಬರ ಕ್ರಮ ಒಂದೊಂದು. ಕೆಲವರು ಹತ್ತಕ್ಕೆ, ಕೆಲವರು ಐದು ನಕ್ಷತ್ರಕ್ಕೆ, ಕೆಲವರು ನೂರಕ್ಕೆ. ಜಪಾನಿನ 'ಫಾಮಿತ್ಸು' ಪತ್ರಿಕೆಯ ಕ್ರಮ ನನಗೆ ಹಿಡಿಸಿತು. ಅಲ್ಲಿ ನಾಲ್ವರು ವಿಮರ್ಶಕರು ಬೇರೆ ಬೇರೆಯಾಗಿ ಹತ್ತಕ್ಕೆ ಅಂಕ ಕೊಡುತ್ತಾರೆ, ಒಟ್ಟು 40. ಯಾರ ಅಂಕ ಎಷ್ಟೆಂದು ಓದುಗನಿಗೆ ಬಿಡಿಬಿಡಿಯಾಗಿ ಕಾಣುತ್ತದೆ. ಆ ಪತ್ರಿಕೆಯಲ್ಲಿ ಮೊದಲ ಬಾರಿ 40ಕ್ಕೆ 40 ಪಡೆದದ್ದು 1998ರ 'ದಿ ಲೆಜೆಂಡ್ ಆಫ್ ಜೆಲ್ಡಾ: ಒಕರಿನಾ ಆಫ್ ಟೈಮ್' ಎಂಬ ಗೇಮ್.

2001ರಲ್ಲಿ ಅಮೆರಿಕದಲ್ಲಿ 'ಮೆಟಾಕ್ರಿಟಿಕ್' ಶುರುವಾಯಿತು. ಅದು ಸ್ವತಃ ವಿಮರ್ಶೆ ಮಾಡುವುದಿಲ್ಲ. ಹತ್ತಾರು ಪತ್ರಿಕೆ, ಜಾಲತಾಣಗಳ ಅಂಕಗಳನ್ನು ನೂರಕ್ಕೆ ಪರಿವರ್ತಿಸಿ, ಸರಾಸರಿ ತೆಗೆದು, ಒಂದೇ ಸಂಖ್ಯೆ ಮಾಡುತ್ತದೆ. ಇದು ಸಾದಾ ಸರಾಸರಿಯಲ್ಲ. ಕೆಲವು ಪತ್ರಿಕೆಗಳಿಗೆ ಹೆಚ್ಚು ತೂಕ, ಕೆಲವಕ್ಕೆ ಕಡಿಮೆ. ಯಾರಿಗೆ ಎಷ್ಟು ತೂಕ ಎಂಬುದನ್ನು ಅವರು ಹೊರಗೆ ಹೇಳುವುದಿಲ್ಲ. ಇನ್ನೊಂದು ನಿಯಮವೂ ಇದೆ. ಒಂದು ಪತ್ರಿಕೆ ಮೊದಲು ಕೊಟ್ಟ ಅಂಕವನ್ನು ಆಮೇಲೆ ಬದಲಿಸಿಕೊಂಡರೂ ಅಲ್ಲಿ ಹಳೆಯ ಅಂಕವೇ ಉಳಿಯುತ್ತದೆ.

ನೂರಕ್ಕೆ 74 ಏಕೆ ಸಾಲದು?

ಮೊಮ್ಮಗ ಒಂದು ಗೇಮ್ ತೋರಿಸಿ, "ಇದಕ್ಕೆ 74 ಅಜ್ಜ, ಯಾರಿಗೂ ಬೇಡ" ಎಂದ. ನಮ್ಮ ಕಾಲದಲ್ಲಿ 60 ಬಂದರೆ ಫಸ್ಟ್ ಕ್ಲಾಸ್, ಊರಿಗೆಲ್ಲ ಪಾಯಸ! ಮೆಟಾಕ್ರಿಟಿಕ್‌ನಲ್ಲಿ ಸಿನಿಮಾಕ್ಕೆ 61 ಬಂದರೆ ಹಸಿರು ಬಣ್ಣ, ಎಂದರೆ ಒಳ್ಳೆಯ ಅಭಿಪ್ರಾಯ. ಗೇಮಿಗೆ ಹಸಿರು ಸಿಗಬೇಕಾದರೆ 75 ಆಗಬೇಕು. 50ರಿಂದ 74ರವರೆಗೆ ಹಳದಿ. ಐದಕ್ಕೆ ಮೂರು ನಕ್ಷತ್ರ ಕೊಟ್ಟ ವಿಮರ್ಶಕ "ಪರವಾಗಿಲ್ಲ, ಆಡಬಹುದು" ಎಂದು ಹೇಳಿರಬಹುದು. ಪರಿವರ್ತನೆಯಲ್ಲಿ ಅದು 60 ಆಗಿ, ಹಳದಿ ಸಾಲಿನಲ್ಲಿ ಹೋಗಿ ಕೂರುತ್ತದೆ. ಅವರು ಹೇಳಿದ್ದು ಒಂದು, ನಮಗೆ ತಲುಪಿದ್ದು ಇನ್ನೊಂದು.

ಇದು ನನಗೆ ಹೊಸ ಕತೆಯಲ್ಲ. ನೌಕರಿಯಲ್ಲಿದ್ದಾಗ ವರ್ಷಕ್ಕೊಮ್ಮೆ ಗೋಪ್ಯ ವರದಿ ಬರೆಯುತ್ತಿದ್ದರು. ಬರಬರುತ್ತಾ ಎಲ್ಲರಿಗೂ 'ವೆರಿ ಗುಡ್' ಬರೆಯುವುದು ರೂಢಿಯಾಗಿ, 'ಗುಡ್' ಎಂದರೆ ಕೆಟ್ಟದ್ದು ಎಂದಾಯಿತು. ಇದು ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. 2008ರ ದೇವ್ ದತ್ ಪ್ರಕರಣದಲ್ಲಿ ಒಬ್ಬ ಅಧಿಕಾರಿಗೆ ಒಂದೇ ಒಂದು ವರ್ಷ 'ಗುಡ್' ಎಂದು ಬರೆದಿದ್ದರು. ಬಡ್ತಿಗೆ ಐದು ವರ್ಷವೂ 'ವೆರಿ ಗುಡ್' ಬೇಕಿತ್ತು. ಆ ಬರಹವನ್ನು ಅವರಿಗೆ ತಿಳಿಸಿಯೂ ಇರಲಿಲ್ಲ. ಪ್ರತಿಯೊಂದು ಅಭಿಪ್ರಾಯವನ್ನೂ ನೌಕರನಿಗೆ ತಿಳಿಸಲೇಬೇಕು ಎಂದು ನ್ಯಾಯಾಲಯ ಹೇಳಿತು. 'ಗುಡ್' ಎಂಬ ಒಳ್ಳೆಯ ಮಾತು ಒಬ್ಬರ ಬಡ್ತಿಗೆ ಅಡ್ಡ ಬಂತು ನೋಡಿ. ಈಗ ನಮ್ಮ ಎಸ್‌ಎಸ್‌ಎಲ್‌ಸಿ ಮಕ್ಕಳಿಗೂ ಅದೇ ಗತಿ. ಫುಲ್ ಎ ಪ್ಲಸ್ ಬಂದವರ ಫ್ಲೆಕ್ಸ್ ಏಳುತ್ತದೆ, ಒಂದು ಎ ಬಂದ ಮಗು ಮುಖ ಮುಚ್ಚಿಕೊಳ್ಳುತ್ತದೆ.

ಒಂದು ಅಂಕದ ಬೆಲೆ

ಗೇಮ್ ಲೋಕದಲ್ಲೂ ಒಂದು ಅಂಕಕ್ಕೆ ಹೀಗೆ ಬೆಲೆ ತೆತ್ತವರಿದ್ದಾರೆ. 2010ರಲ್ಲಿ 'ಫಾಲ್‌ಔಟ್: ನ್ಯೂ ವೆಗಾಸ್' ಎಂಬ ಗೇಮ್ ಬಂತು. ತಯಾರಿಸಿದ್ದು ಆಬ್ಸಿಡಿಯನ್ ಎಂಬ ಸಂಸ್ಥೆ, ಹೊರತಂದದ್ದು ಬೆಥೆಸ್ಡಾ ಕಂಪನಿ. ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ತಯಾರಕರಿಗೆ ಬೋನಸ್ ಎಂದಿತ್ತು. ಬಂದದ್ದು 84. ರಾಯಧನವೂ ಇರಲಿಲ್ಲ, ಬೋನಸ್ಸೂ ಸಿಗಲಿಲ್ಲ ಎಂದು ಆಬ್ಸಿಡಿಯನ್‌ನ ಕ್ರಿಸ್ ಅವೆಲೋನ್ 2012ರಲ್ಲಿ ಬಹಿರಂಗವಾಗಿ ಹೇಳಿದರು. ಆ ಸರಣಿಯಲ್ಲಿ ಅದೇ ಅತ್ಯುತ್ತಮ ಎಂದು ಇಂದಿಗೂ ವಾದಿಸುವ ಆಟಗಾರರು ಬಹಳ ಮಂದಿ ಇದ್ದಾರೆ.

ಆ ಅಂಕ ಕೊಟ್ಟ ವಿಮರ್ಶಕರಲ್ಲಿ ಯಾರೂ "ಇವರ ಬೋನಸ್ ತಪ್ಪಿಸೋಣ" ಎಂದುಕೊಂಡಿರಲಾರರು. ಗೇಮ್ ಕೊಳ್ಳುವವನಿಗೆ ಸಲಹೆ ಹೇಳಲು ಅವರು ಅಂಕ ಕೊಟ್ಟರು. ಇನ್ನಾರೋ ಅದನ್ನೇ ಸಂಬಳದ ಅಳತೆಗೋಲು ಮಾಡಿಕೊಂಡರು. ಒಂದು ಕೆಲಸಕ್ಕೆಂದು ಮಾಡಿದ ಅಳತೆಯನ್ನು ಬೇರೊಂದಕ್ಕೆ ಬಳಸಿದಾಗ ಏಟು ಬೀಳುವುದು ಸಂಬಂಧವೇ ಇಲ್ಲದವರಿಗೆ.

ನೋಡಿದ್ದು ಯಾವುದು, ಅಂಕ ಯಾವುದಕ್ಕೆ?

ಎರಡನೆಯ ಉದಾಹರಣೆ ಇನ್ನೂ ದೊಡ್ಡದು. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಕಂಪನಿಯ 'ಸೈಬರ್‌ಪಂಕ್ 2077' ಬಿಡುಗಡೆಯಾದದ್ದು 2020ರ ಡಿಸೆಂಬರ್ 10ರಂದು. ಅದಕ್ಕೆ ಮೂರು ದಿನ ಮೊದಲೇ ವಿಮರ್ಶೆಗಳು ಬಂದವು. ಸರಾಸರಿ 90ರ ಆಸುಪಾಸು. ಆದರೆ ವಿಮರ್ಶಕರಿಗೆ ಆಡಲು ಕೊಟ್ಟದ್ದು ಕಂಪ್ಯೂಟರಿನ ಆವೃತ್ತಿ ಮಾತ್ರ. ತಾವು ಆಡಿದ್ದರ ದೃಶ್ಯವನ್ನು ಮೊದಲಿಗೆ ತೋರಿಸುವಂತಿರಲಿಲ್ಲ, ಕಂಪನಿ ಕೊಟ್ಟ ದೃಶ್ಯಗಳನ್ನೇ ಬಳಸಬೇಕಿತ್ತು. ಮನೆಮನೆಯಲ್ಲಿದ್ದ ಹಳೆಯ ಪ್ಲೇಸ್ಟೇಷನ್ 4ರಲ್ಲಿ ಹಾಕಿದವರಿಗೆ ಗೇಮ್ ತಡೆತಡೆದು ನಡೆಯಿತು, ಅರ್ಧದಲ್ಲೇ ನಿಂತಿತು. ಒಂದೇ ವಾರದಲ್ಲಿ ಸೋನಿಯವರು ಅದನ್ನು ತಮ್ಮ ಮಳಿಗೆಯಿಂದ ತೆಗೆದು, ಕೊಂಡವರಿಗೆ ಹಣ ವಾಪಸು ಕೊಡುವುದಾಗಿ ಘೋಷಿಸಿದರು. ಮಳಿಗೆಗೆ ಅದು ಮರಳಿದ್ದು 2021ರ ಜೂನ್‌ನಲ್ಲಿ. ಪ್ಲೇಸ್ಟೇಷನ್ 4ರ ಆವೃತ್ತಿಗೆ ಕೊನೆಗೆ ಬಂದ ಅಂಕ 57.

ವಿಮರ್ಶಕರು ಸುಳ್ಳು ಹೇಳಿದರೇ? ಇಲ್ಲ. ಅವರು ಆಡಿದ ಆವೃತ್ತಿ ನಿಜಕ್ಕೂ ಚೆನ್ನಾಗಿದ್ದಿರಬಹುದು. ನಾವು ಕಂಪ್ಯೂಟರಿನಲ್ಲಿ ಮಾತ್ರ ಆಡಿದ್ದೇವೆ ಎಂದು ಹಲವರು ಲೇಖನದೊಳಗೆ ಬರೆದಿದ್ದರು ಕೂಡ. ಆದರೆ 90 ಎಂಬ ಸಂಖ್ಯೆಗೆ ಅಡಿಟಿಪ್ಪಣಿ ಇರಲಿಲ್ಲ. ಲೇಖನ ಓದಿದವರಿಗೆ ಎಚ್ಚರಿಕೆ ಸಿಕ್ಕಿತು, ಅಂಕ ಮಾತ್ರ ನೋಡಿದವರಿಗೆ ಸಿಗಲಿಲ್ಲ. ಈ ಕಂಪನಿಯಲ್ಲೂ ಕೆಲಸಗಾರರ ಬೋನಸ್ಸನ್ನು ವಿಮರ್ಶಕರ ಅಂಕಕ್ಕೆ ಕಟ್ಟಿದ್ದರು, ಗದ್ದಲವಾದ ಮೇಲೆ ಆ ಷರತ್ತನ್ನು ಕೈಬಿಟ್ಟರು ಎಂದು ವರದಿಯಾಯಿತು. ಮುಂದೆ ಗೇಮನ್ನು ಬಹಳವಾಗಿ ಸರಿಪಡಿಸಿದರು. ಆದರೂ ಮೊದಲ ವಾರದ ಅಂಕಗಳು ಇದ್ದಲ್ಲೇ ಇವೆ.

ಜಾಹೀರಾತಿನ ಒತ್ತಡವೂ ಇಲ್ಲದಿಲ್ಲ. 2007ರ ನವೆಂಬರಿನಲ್ಲಿ 'ಗೇಮ್‌ಸ್ಪಾಟ್' ಜಾಲತಾಣದ ಹಿರಿಯ ವಿಮರ್ಶಕ ಜೆಫ್ ಗರ್ಸ್ಟ್‌ಮನ್ 'ಕೇನ್ ಅಂಡ್ ಲಿಂಚ್' ಎಂಬ ಗೇಮಿಗೆ ಹತ್ತಕ್ಕೆ ಆರು ಕೊಟ್ಟರು. ಆಗ ಆ ಜಾಲತಾಣದ ತುಂಬಾ ಅದೇ ಗೇಮಿನ ಜಾಹೀರಾತು. ಸ್ವಲ್ಪ ದಿನದಲ್ಲೇ ಅವರನ್ನು ಕೆಲಸದಿಂದ ತೆಗೆದರು. ಕಡಿಮೆ ಅಂಕಕ್ಕೆ ಜಾಹೀರಾತುದಾರರು ಮುನಿಸಿಕೊಂಡದ್ದು, ಆಡಳಿತದವರು ಆ ಒತ್ತಡಕ್ಕೆ ಮಣಿದದ್ದು ಇದಕ್ಕೆ ಕಾರಣ ಎಂದು 2012ರಲ್ಲಿ ಅವರೇ ಹೇಳಿದರು.

ಹಾಗಾದರೆ ಜನರೇ ಅಂಕ ಕೊಡಲಿ?

ಅದನ್ನೂ ಮಾಡಿ ನೋಡಿದ್ದಾರೆ. 2020ರ ಜೂನ್ 19ರಂದು 'ದಿ ಲಾಸ್ಟ್ ಆಫ್ ಅಸ್ ಭಾಗ 2' ಬಂತು. ವಿಮರ್ಶಕರ ಸರಾಸರಿ 93. ಅದೇ ಪುಟದಲ್ಲಿ ಸಾರ್ವಜನಿಕರ ಅಂಕ ಮೊದಲ ದಿನಗಳಲ್ಲೇ ಹತ್ತಕ್ಕೆ ನಾಲ್ಕಕ್ಕಿಂತ ಕೆಳಗೆ ಇಳಿಯಿತು. ಆಡಿ ಮುಗಿಸಲು ಇಪ್ಪತ್ತು ಗಂಟೆಗೂ ಹೆಚ್ಚು ಬೇಕಾದ ಗೇಮಿಗೆ ಬಿಡುಗಡೆಯಾದ ಕೆಲವೇ ಗಂಟೆಗಳಲ್ಲಿ ಸಾವಿರಾರು ಸೊನ್ನೆಗಳು ಬಿದ್ದರೆ, ಅವರು ಆಡಿ ಹೇಳಿದ್ದಲ್ಲ ಎಂದು ಯಾರಿಗಾದರೂ ತಿಳಿಯುತ್ತದೆ. ಕತೆಯ ಬಗ್ಗೆ ಸಿಟ್ಟಿದ್ದವರು ಒಟ್ಟಾಗಿ ಮಾಡಿದ ಕೆಲಸ ಅದು. ಮರುತಿಂಗಳೇ ಮೆಟಾಕ್ರಿಟಿಕ್ ಹೊಸ ನಿಯಮ ತಂದಿತು: ಗೇಮ್ ಬಿಡುಗಡೆಯಾಗಿ 36 ಗಂಟೆ ಕಳೆಯದೆ ಸಾರ್ವಜನಿಕರು ಅಂಕ ಹಾಕುವಂತಿಲ್ಲ.

ಇದನ್ನು ಓದಿದಾಗ ನಮ್ಮ ಕೇರಳದ್ದೇ ಒಂದು ಸಂಗತಿ ನೆನಪಾಯಿತು. 2023ರಲ್ಲಿ ಮಲಯಾಳಂ ಸಿನಿಮಾಗಳ ಮೇಲೆ ನಡೆಯುವ ಇಂಥದೇ ದಾಳಿ ಕೇರಳ ಹೈಕೋರ್ಟಿನ ಮುಂದೆ ಬಂತು. ಬಿಡುಗಡೆಯಾದ ಮೊದಲ 48 ಗಂಟೆ ವ್ಲಾಗರ್‌ಗಳು ವಿಮರ್ಶೆ ಹಾಕದಿರುವುದು ಒಳ್ಳೆಯದು ಎಂದು ನ್ಯಾಯಾಲಯಕ್ಕೆ ನೆರವಾಗಲು ನೇಮಕವಾದ ವಕೀಲರು 2024ರ ಮಾರ್ಚ್‌ನಲ್ಲಿ ಸಲಹೆ ಕೊಟ್ಟರು. ಅಲ್ಲಿ 36, ಇಲ್ಲಿ 48. ಎರಡರ ಆಶಯವೂ ಒಂದೇ: ಮೊದಲು ನೋಡಿ, ಆಮೇಲೆ ಮಾತಾಡಿ. ಆದರೆ ಕಾಯಿಸಿದ ಮಾತ್ರಕ್ಕೆ ಮಾತು ಪ್ರಾಮಾಣಿಕವಾಗುತ್ತದೆ ಎಂಬ ಭರವಸೆ ನನಗಿಲ್ಲ. ಪ್ರಾಮಾಣಿಕವಾಗಿ ನೋಡಿದವನ ಬಾಯನ್ನೂ ಅದು ಅಷ್ಟು ಹೊತ್ತು ಮುಚ್ಚಿಸುತ್ತದೆ ಎಂಬುದನ್ನು ಮರೆಯಬಾರದು.

ನನ್ನ ಅಭಿಪ್ರಾಯ

ಅಂಕವೇ ಬೇಡ ಎಂದು ಹಟ ಹಿಡಿಯುವವನು ನಾನಲ್ಲ. ಬ್ರಿಟನ್ನಿನ 'ಯೂರೋಗೇಮರ್' 2015ರಲ್ಲಿ ಅಂಕ ನಿಲ್ಲಿಸಿ, 2023ರಲ್ಲಿ ಐದು ನಕ್ಷತ್ರಕ್ಕೆ ಮರಳಿತು. ಅಂಕ ಓದುಗನ ಸಮಯ ಉಳಿಸುತ್ತದೆ ಎಂಬುದೂ ಸುಳ್ಳಲ್ಲ. ಮೊಮ್ಮಗನಿಗೂ ನಾನು ಅಂಕ ನೋಡಬೇಡ ಎನ್ನಲಿಲ್ಲ. "ಇಬ್ಬರ ಬರಹ ಓದು, ಹೊಗಳಿದವರದ್ದೊಂದು, ತೆಗಳಿದವರದ್ದೊಂದು. ಅವರು ಆಡಿದ ಯಂತ್ರ ನಿನ್ನದೇ ಹೌದೋ ನೋಡು. ಆಮೇಲೆ ದುಡ್ಡು ಕೇಳು" ಎಂದೆ. ಎರಡು ದಿನ ಬಿಟ್ಟು ಬಂದು, "ಸ್ವಲ್ಪ ಸಮಯ ಕಾಯುತ್ತೇನೆ ಅಜ್ಜ, ಇನ್ನೂ ಸರಿಪಡಿಸುವುದು ಉಂಟಂತೆ" ಎಂದ.

ನಮ್ಮ ಪುಟದ ವಿಷಯಕ್ಕೆ ಬಂದರೆ, ಇಲ್ಲಿ ಕಲಾವಿದರೂ ನಮ್ಮವರೇ, ಬರೆಯುವವರೂ ನಮ್ಮವರೇ. ಮಳೆ ಬಂದು ಮೈಕ್ ಕೈಕೊಟ್ಟ ರಾತ್ರಿಯ ತಾಳಮದ್ದಳೆಗೆ 62 ಎಂದು ಹಾಕಿದರೆ, ಮಳೆಯನ್ನು ಜನ ಮರೆಯುತ್ತಾರೆ, 62 ಉಳಿಯುತ್ತದೆ. ಮುಂದಿನ ವರ್ಷ ಆ ತಂಡವನ್ನು ಕರೆಯಬೇಕೋ ಬೇಡವೋ ಎಂದು ಯಾರೋ ಅದನ್ನೇ ನೋಡಿ ತೀರ್ಮಾನಿಸುತ್ತಾರೆ. ಆದ್ದರಿಂದ ಸಮಿತಿಯ ಮುಂದೆ ನಾನು ಇಡುವ ಸೂಚನೆ ಇಷ್ಟು:

1. ವಿಮರ್ಶೆ ಬರೆದವರ ಹೆಸರು ಇರಲಿ. ಯಾವ ದಿನ, ಎಲ್ಲಿ, ಎಷ್ಟು ಹೊತ್ತು ನೋಡಿದರು ಎಂಬುದು ಮೊದಲ ಸಾಲಿನಲ್ಲೇ ಬರಲಿ.

2. ತಂಡದವರ ಜೊತೆ ನೆಂಟಸ್ತಿಕೆ, ವ್ಯವಹಾರ ಇದ್ದರೆ ಅದನ್ನೂ ಹೇಳಲಿ.

3. ಅಂಕದ ಬದಲು ಕೊನೆಗೆ ಎರಡು ಸಾಲು: ಯಾರಿಗೆ ಹಿಡಿಸೀತು, ಯಾರಿಗೆ ಹಿಡಿಸಲಾರದು. ಎರಡು ಪುಟ ಓದಲು ಪುರುಸೊತ್ತಿಲ್ಲದವರಿಗೆ ಅಷ್ಟು ಸಾಕು.

4. ಇಬ್ಬರು ಬರೆದರೆ ಎರಡೂ ಪ್ರಕಟವಾಗಲಿ. ಸರಾಸರಿ ತೆಗೆಯುವುದು ಬೇಡ.

ಯುವ ವಿಭಾಗದವರಿಗೆ ಇದು ಒಪ್ಪಿಗೆಯಾಗದಿರಬಹುದು. ಅವರ ವಾದವನ್ನೂ ಇದೇ ಪುಟದಲ್ಲಿ, ಇಷ್ಟೇ ಜಾಗ ಕೊಟ್ಟು ಪ್ರಕಟಿಸುತ್ತೇವೆ. ಮುಂದಿನ ತಿಂಗಳ ಎರಡನೆಯ ಭಾನುವಾರದ ಸಭೆಯಲ್ಲಿ ವಿಷಯ ಚರ್ಚೆಗೆ ಬರುತ್ತದೆ. ಬರಲಾಗದ ಸದಸ್ಯರು ಅಭಿಪ್ರಾಯವನ್ನು ಬರೆದು ಕಳಿಸಬಹುದು. ಈ ಲೇಖನಕ್ಕೆ ನೂರಕ್ಕೆ ಎಷ್ಟು ಎಂದು ಮಾತ್ರ ಬರೆಯಬೇಡಿ. ಯಾವ ಮಾತು ಸರಿ, ಯಾವುದು ತಪ್ಪು ಎಂದು ಬರೆಯಿರಿ.

ಇತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ