ಕುಲುಮೆಯಲ್ಲಿ ಕೋವಿ ಮಾಡಿಸೋ ಮೊದಲು ಇದನ್ನೊಂದು ಸಲ ಓದಿ

ಈ ವಾರ ಅಡಿಕೆ ಕೊಯ್ಲಿನ ಬಗ್ಗೆ ಬರೀತೀನಿ ಅಂದಿದ್ದೆ. ಅದು ಮುಂದಿನ ವಾರಕ್ಕಿರಲಿ. ಅದಕ್ಕಿಂತ ಅರ್ಜೆಂಟಾದ ವಿಷಯ ಒಂದು ಬಂದಿದೆ. ಸ್ವಲ್ಪ ಉದ್ದ ಆಗತ್ತೆ, ರಾತ್ರಿ ಊಟ ಆದ ಮೇಲೆ ಪುರುಸೊತ್ತಲ್ಲಿ ಓದಿ.

ಮೊನ್ನೆ ಬೆಳಿಗ್ಗೆ ಗದ್ದೆಗೆ ನೀರು ನೋಡೋಕೆ ಹೋಗಿದ್ದೆ. ಭತ್ತ ಹಾಲುಗಟ್ಟಿದೆ. ನಮ್ಮ ಪಕ್ಕದ ಗದ್ದೆ ಹುಡುಗ ಅಂಚಿನ ಮೇಲೆ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಹಿಂದಿನ ರಾತ್ರಿ ಹಂದಿ ಹಿಂಡು ನುಗ್ಗಿ ಕೆಳಗಿನ ಎರಡು ಗದ್ದೆಯನ್ನು ಚಾಪೆ ಹಾಸಿದ ಹಾಗೆ ಮಲಗಿಸಿ ಹೋಗಿತ್ತು. ತಿಂದದ್ದು ಸ್ವಲ್ಪ, ಹಾಳು ಮಾಡಿದ್ದು ಜಾಸ್ತಿ. ಮನಸ್ಸಿಗೆ ಕಷ್ಟ ಆಯ್ತು. ಏನು ಹೇಳಬೇಕು ಅಂತ ಗೊತ್ತಾಗದೆ ನಾನೂ ಪಕ್ಕದಲ್ಲಿ ಕೂತೆ. ಅವನು ಮೊಬೈಲ್ ತೆಗೆದು, "ಮಾವ, ಇದನ್ನ ನೋಡಿ" ಅಂದ.

ಅಮೆರಿಕದ ವಿಡಿಯೋ. ಒಬ್ಬ ಗಡ್ಡದ ಮನುಷ್ಯ ಚಕಮಕಿ ಕಲ್ಲಿನ ಕೋವಿ ಮಾಡ್ತಿದ್ದ. ಹಳೇ ಕಾಲದ್ದು, ಬಾಯಿಂದ ಮದ್ದು ತುಂಬಿ, ಗುಂಡು ಹಾಕಿ, ಗಜದಿಂದ ಜಡಿಯೋದು. ಕುದುರೆಯ ಬಾಯಲ್ಲಿ ಒಂದು ಚೂರು ಕಲ್ಲು. ಕುದುರೆ ಬಿದ್ದಾಗ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರತ್ತೆ. ಕಿಡಿ ಪಕ್ಕದ ಪುಟ್ಟ ಬಟ್ಟಲಲ್ಲಿರೋ ಮದ್ದಿಗೆ ಬೀಳತ್ತೆ. ಅಲ್ಲಿಂದ ಸಣ್ಣ ತೂತಿನ ಮೂಲಕ ಬೆಂಕಿ ನಳಿಗೆಯೊಳಗೆ ಹೋಗತ್ತೆ. ಆ ಮನುಷ್ಯ ಮರದ ಹಿಡಿಯನ್ನು ಉಳಿಯಲ್ಲಿ ಕೆತ್ತೋದು, ಹಿತ್ತಾಳೆ ಕೂರಿಸೋದು, ಎಣ್ಣೆ ತಿಕ್ಕೋದು ನೋಡಿದ್ರೆ ಕಣ್ಣು ತುಂಬತ್ತೆ. ಸುಳ್ಳು ಯಾಕೆ ಹೇಳ್ಲಿ, ನನಗೂ ಆಸೆ ಆಯ್ತು. ಅಲ್ಲಿ ಇಂಥದ್ದಕ್ಕೆ ಕೆಲವು ಸಾವಿರ ಡಾಲರ್ ಕೊಟ್ಟು, ಮುಂಗಡ ಕಟ್ಟಿ, ವರ್ಷಗಟ್ಟಲೆ ಕಾಯೋ ಜನ ಇದ್ದಾರೆ. ಪೆನ್ಸಿಲ್ವೇನಿಯ ಅನ್ನೋ ರಾಜ್ಯದಲ್ಲಿ ಚಕಮಕಿ ಕೋವಿಯಲ್ಲೇ ಜಿಂಕೆ ಬೇಟೆಯಾಡೋಕೆ ಬೇರೆ ಸೀಸನ್ನೇ ಇದೆ.

ಹುಡುಗನ ಮಾತು ಇಷ್ಟು: "ಅಲ್ಲಿ ಇದಕ್ಕೆ ಲೈಸೆನ್ಸೇ ಬೇಡವಂತೆ ಮಾವ. ನಮ್ಮ ಆಚಾರ್ರಿಗೆ ಇದೇನು ದೊಡ್ಡ ಕೆಲಸ? ಹೇಳಿ ಮಾಡಿಸಿದ್ರೆ ಆಯ್ತು. ಕೇಪೂ ಬೇಡ, ತೋಟೆಯೂ ಬೇಡ, ಒಂದು ಕಲ್ಲು ಸಾಕು."

ಅವನೊಬ್ಬನೇ ಅಲ್ಲ, ಈ ಯೋಚನೆ ಇನ್ನೂ ನಾಲ್ಕು ಜನರ ತಲೆಯಲ್ಲಿದೆ ಅಂತ ಗೊತ್ತಾಯ್ತು. ಅದಕ್ಕೇ ಬರೀತಿದ್ದೀನಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ: ಕೋವಿ ಬೇಕು ಅನ್ನೋದು ತಪ್ಪಲ್ಲ, ಕುಲುಮೆಯಲ್ಲಿ ಮಾಡಿಸೋದು ಮಾತ್ರ ಬೇಡವೇ ಬೇಡ.

ಮೊದಲು ಲೈಸೆನ್ಸಿನ ಮಾತು. ಅಮೆರಿಕದಲ್ಲಿ 1968ರ ಅವರ ಕೇಂದ್ರ ಕಾನೂನು ಹಳೇ ನಮೂನೆಯ ಇಂಥ ಕೋವಿಯನ್ನು ಹೊಸ ಬಂದೂಕಿನ ಲೆಕ್ಕಕ್ಕೆ ಸೇರಿಸಿಲ್ಲ. ಅದು ಅಲ್ಲಿಯ ಮಾತು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಗೆ ಕಲ್ಲಿನ ಕೋವಿಯೂ ಒಂದೇ, ಕೇಪಿನ ಕೋವಿಯೂ ಒಂದೇ. ರಿಪೇರಿ ಮಾಡಿದರೂ ಗುಂಡು ಹಾರದಂಥ ಹಳೇ ಕಾಲದ ತುಂಡಿಗೆ ಮಾತ್ರ ವಿನಾಯ್ತಿ. ಹೊಸದಾಗಿ ಮಾಡಿಸಿದ್ದಕ್ಕೆ ಇಲ್ಲ. 2019ರ ತಿದ್ದುಪಡಿ ಆದ ಮೇಲೆ ಲೈಸೆನ್ಸ್ ಇಲ್ಲದೆ ಕೋವಿ ತಯಾರು ಮಾಡಿದವನಿಗೆ ಕನಿಷ್ಠ 7 ವರ್ಷ, ಜಾಸ್ತಿ ಅಂದ್ರೆ ಜೀವಾವಧಿ. ಇಟ್ಟುಕೊಂಡವನಿಗೆ 2ರಿಂದ 5 ವರ್ಷ. ಅಂದ್ರೆ ನಿಮ್ಮ ಗದ್ದೆಯ ಹಂದಿಗೋಸ್ಕರ ಆಚಾರ್ರು ನಿಮಗಿಂತ ದೊಡ್ಡ ಶಿಕ್ಷೆಗೆ ತಲೆ ಕೊಡಬೇಕು. ನಮ್ಮ ಕತ್ತಿ, ಗುದ್ದಲಿ ಹಣಿದು ಕೊಡೋ ಮನುಷ್ಯನಿಗೆ ನಾವು ಮಾಡೋ ಉಪಕಾರವಾ ಇದು?

"ಕೊಡಗಿನವರಿಗೆ ಲೈಸೆನ್ಸ್ ಬೇಡವಲ್ಲ" ಅಂತ ಯಾರಾದ್ರೂ ಕೇಳೇ ಕೇಳ್ತೀರಿ. ಹೌದು, ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯ್ತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ತನಕ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಆದ್ರೆ ಅದು ಅವರಿಗೆ. ಶಿವಮೊಗ್ಗ ಜಿಲ್ಲೆಯವರಾದ ನಮಗೆ ಅದರಲ್ಲಿ ಪಾಲಿಲ್ಲ.

ಎರಡನೇದು, ಕಲ್ಲಿನ ಕೋವಿ ನಮ್ಮ ಸೀಮೆಗೆ ಆಗಿಬರೋ ವಸ್ತು ಅಲ್ಲ. ಬಟ್ಟಲಲ್ಲಿರೋ ಮದ್ದು ಹೊರಗಡೆಗೇ ಇರತ್ತೆ. ಸ್ವಲ್ಪ ತೇವ ಆದ್ರೂ ಹೊತ್ತಲ್ಲ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ, ಆಮೇಲೆ ರಾತ್ರಿಯೆಲ್ಲ ಇಬ್ಬನಿ. ಹಂದಿ ಬರೋದೂ ಆಗಲೇ. ಇನ್ನೊಂದು, ಬಟ್ಟಲಿನ ಮದ್ದು ಮೊದಲು ಭಗ್ ಅಂದು, ಆಮೇಲೆ ಒಳಗಿಂದ ಗುಂಡು ಹಾರತ್ತೆ. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫೋರ್ಸಿತ್ ಅನ್ನೋ ಪಾದ್ರಿಗೆ ಇದೇ ತಲೆನೋವಾಗಿತ್ತು. ಬೆಳಕು ಕಂಡ ಕೂಡ್ಲೇ ಹಕ್ಕಿ ಹಾರಿಹೋಗ್ತಿದ್ದವಂತೆ. ಪೆಟ್ಟಿಗೇ ಹೊತ್ತೋ ಮದ್ದಿನ ಉಪಾಯ ಕಂಡುಹಿಡಿದು ಅವನು 1807ರಲ್ಲಿ ಪೇಟೆಂಟ್ ತಗೊಂಡ. ಮುಂದೆ ಅದರಿಂದಲೇ ಕೇಪು ಬಂತು. ಟಿಪ್ಪು ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ಮಾಡಿದ ಚಂದದ ಚಕಮಕಿ ಕೋವಿಗಳು ಇವತ್ತು ಇಂಗ್ಲೆಂಡಿನ ಮ್ಯೂಸಿಯಂಗಳಲ್ಲಿವೆ. ಅವಕ್ಕೆ ಅದೇ ಸರಿಯಾದ ಜಾಗ.

ಮೂರನೇದು ನಮ್ಮ ಮನೆಯದೇ ಕತೆ. ಇಷ್ಟು ವರ್ಷ ಎಲ್ಲೂ ಹೇಳಿಲ್ಲ. ಚಿಕ್ಕಪ್ಪ ತೀರಿಹೋಗಿದ್ದಾರೆ, ಅದಕ್ಕೇ ಈಗ ಬರೀತಿದ್ದೀನಿ.

ನಾನು ಎಸ್ಸೆಸ್ಸೆಲ್ಸಿ ಓದ್ತಿದ್ದ ವರ್ಷ ಚಿಕ್ಕಪ್ಪ ಒಂದು ನಾಡಕೋವಿ ಮಾಡಿಸಿದ್ರು. ನಳಿಗೆ ಅಂದ್ರೆ ಎಲ್ಲಿಂದಲೋ ತಂದ ಕಬ್ಬಿಣದ ಪೈಪು. ಮೂರ್ನಾಲ್ಕು ಸಲ ಸರಿಯಾಗೇ ಹಾರಿತು. ಒಂದು ರಾತ್ರಿ ಮಾಳದಲ್ಲಿ ಕೂತಿದ್ದಾಗ ಬೆಸುಗೆಯ ಗೆರೆಯಲ್ಲೇ ಸೀಳಿಹೋಯ್ತು. ಎಡಗೈ ನಳಿಗೆಯ ಕೆಳಗಿತ್ತು. ಮನೆಗೆ ಬಂದಾಗ ಕೈಗೆ ಸುತ್ತಿದ್ದ ಟವೆಲ್ಲು ನೆನೆದು ತೊಟ್ಟಿಕ್ಕುತ್ತಿತ್ತು. ಅಜ್ಜಿ ಅರಿಶಿನ ತುಂಬಿದ್ರು. ಆಸ್ಪತ್ರೆಗೆ ಹೋದ್ರೆ ಕೇಸಾಗತ್ತೆ ಅಂತ ಹೆದರಿ ಆ ರಾತ್ರಿಯಿಡೀ ಮನೆಯಲ್ಲೇ ಇಟ್ಟುಕೊಂಡ್ವಿ. ಮಾರನೇ ದಿನ ಮಧ್ಯಾಹ್ನ ಪಟಾಕಿ ಸಿಡೀತು ಅಂತ ಸುಳ್ಳು ಹೇಳಿ ಕರ್ಕೊಂಡು ಹೋದ್ವಿ. ಮೂರು ಬೆರಳು ಹೋದವು. ರಾತ್ರಿನೇ ತಂದಿದ್ರೆ ಒಂದನ್ನಾದ್ರೂ ಉಳಿಸಬಹುದಿತ್ತು ಅಂದ್ರು ಡಾಕ್ಟ್ರು. ಆಮೇಲೆ ಚಿಕ್ಕಪ್ಪ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದದ್ದು ನಾನು ನೋಡಲಿಲ್ಲ. ಮದುವೆ ಮನೆಗೆ ಹೋದ್ರೂ ಎಡಗೈ ಪಂಚೆಯ ಮಡಿಕೆಯಲ್ಲೇ ಇರ್ತಿತ್ತು. ಕೋವಿ ಮಾಡಿಕೊಟ್ಟ ಆಚಾರ್ರು ಮುಂದಿನ ವರ್ಷ ಕುಲುಮೆ ಮುಚ್ಚಿ ಊರೇ ಬಿಟ್ರು. ಯಾರೂ ಅವರನ್ನ ಬೈದಿರಲಿಲ್ಲ. ಅವರಿಗೇ ನಮ್ಮ ಮನೆ ಮುಂದೆ ಓಡಾಡೋಕೆ ಆಗಲಿಲ್ಲ.

ಹುಡುಗನ ವಿಡಿಯೋವನ್ನ ನಾನು ಮತ್ತೆ ಮೊದಲಿಂದ ಹಾಕಿಸಿ ನೋಡಿದೆ. ಅವನು ಓಡಿಸಿಬಿಟ್ಟಿದ್ದ ಒಂದು ಭಾಗ ಇತ್ತು. ಆ ಅಮೆರಿಕದವನು ನಳಿಗೆಯನ್ನು ತಾನು ಮಾಡಲ್ಲ! ನಳಿಗೆ ಮಾಡೋದೇ ಕಸುಬಾಗಿರೋ ಕಂಪನಿಯಿಂದ ತರಿಸ್ತಾನೆ. ಅಷ್ಟು ಕೈಚಳಕ ಇದ್ದವನೂ ಜೀವ ಹೋಗೋ ಭಾಗವನ್ನ ಬಲ್ಲವರಿಗೇ ಬಿಡ್ತಾನೆ. ನಮ್ಮವರು ಪೈಪ್ ಹುಡುಕ್ತಾರೆ.

ಹಾಗಾದ್ರೆ ಏನು ಮಾಡೋದು? ಕಾಯ್ದೆಯಲ್ಲೇ ನಮಗೊಂದು ಬಾಗಿಲು ಇದೆ, ಸುಮಾರು ಜನಕ್ಕೆ ಗೊತ್ತಿಲ್ಲ. 13ನೇ ಸೆಕ್ಷನ್ನಿನಲ್ಲಿ ನಿಜವಾದ ಬೆಳೆ ರಕ್ಷಣೆಗೆ ಬಾಯಿಂದ ಮದ್ದು ತುಂಬೋ ಕೋವಿಗೆ ಲೈಸೆನ್ಸ್ ಕೊಡಬೇಕು ಅಂತ ಹೆಸರು ಹಿಡಿದು ಬರೆದಿದ್ದಾರೆ. ಅದು ಸಾಲದು ಅನ್ನಿಸಿದ್ರೆ ಬೇರೆ ನಯ ನಳಿಗೆ ಕೋವಿಗೂ ಕೊಡಬಹುದು. ನಯ ನಳಿಗೆ ಅಂದ್ರೆ ಒಳಗಡೆ ಸುರುಳಿ ಗೆರೆ ಇಲ್ಲದ್ದು. ಗೆರೆ ಇದ್ರೆ ಅದು ರೈಫಲ್, ಆ ದಾರಿಯೇ ಬೇರೆ. 21 ವರ್ಷ ತುಂಬಿರಬೇಕು. ಪಹಣಿ, ಗುರುತಿನ ಚೀಟಿ, ಬೆಳೆ ಹಾಳಾದ ಫೋಟೋ ಇಟ್ಟುಕೊಂಡು ಅರ್ಜಿ ಹಾಕಿ. ಪೊಲೀಸ್ ವಿಚಾರಣೆ ಆಗತ್ತೆ, ಕೋವಿ ಬಳಸೋ ತರಬೇತಿಯನ್ನೂ ಕೇಳ್ತಾರೆ. ಕೈಗೆ ಲೈಸೆನ್ಸ್ ಬಂದ ಮೇಲೆ ಲೈಸೆನ್ಸ್ ಇರೋ ಅಂಗಡಿಯಲ್ಲಿ ಮಾತ್ರ ಕೊಳ್ಳಿ, ಮದ್ದನ್ನೂ ಅದರಲ್ಲಿ ಬರೆದಷ್ಟೇ. ಕೊಳ್ಳುವಾಗ ನಳಿಗೆ ಪರೀಕ್ಷೆಯ ಮುದ್ರೆ, ನಂಬರು ನೋಡಿ. ನಳಿಗೆಯೊಳಗೆ ತುಕ್ಕು ತಿಂದ ಗುಳಿ ಇದ್ರೆ ಎಷ್ಟೇ ಅಗ್ಗ ಆದ್ರೂ ಬೇಡ.

ಮನೆಯಲ್ಲಿ ಅಪ್ಪನ ಹೆಸರಿನ ಲೈಸೆನ್ಸ್ ಕೋವಿ ಇದ್ದವರು ಇದನ್ನ ಗಮನಿಸಿ. ಅಪ್ಪನಿಗೆ 70 ವರ್ಷ ಆಗಿದ್ರೆ, ಇಲ್ಲಾ ಕೋವಿ ಇಟ್ಟುಕೊಂಡು 25 ವರ್ಷ ಆಗಿದ್ರೆ, ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಅರ್ಜಿ ಹಾಕಬಹುದು. ನಾನು ನಮ್ಮ ಅಪ್ಪನ ಕೇಪಿನ ಕೋವಿಗೆ ಹಾಗೇ ಮಾಡಿಸಿದ್ದು.

ಇನ್ನೊಂದು ಮಾತು. ಕೋವಿ ಲೈಸೆನ್ಸ್ ಅಂದ್ರೆ ಹಂದಿ ಹೊಡೆಯೋ ಲೈಸೆನ್ಸ್ ಅಲ್ಲ. ಅದಕ್ಕೆ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಬೇರೆ ಅನುಮತಿ ಬೇಕು. ನನ್ನ ಕೋವಿ ಗಾಳಿಗೆ ಒಂದು ಈಡು ಹಾರಿಸಿ ಬೆದರಿಸೋದಕ್ಕೆ. ಹಂದಿಗೂ ಅದು ನಾಲ್ಕು ದಿನದಲ್ಲಿ ಅಭ್ಯಾಸ ಆಗತ್ತೆ. ನನ್ನ ಗದ್ದೆ ಉಳಿದಿರೋದು ಹೆಚ್ಚಿನಂಶ ಸೋಲಾರ್ ಬೇಲಿಯಿಂದ, ಮಾಳದಲ್ಲಿ ಪಾಳಿ ಪ್ರಕಾರ ಮಲಗೋದ್ರಿಂದ. ಮನೆ ಕರೆಂಟನ್ನು ನೇರ ತಂತಿಗೆ ಕೊಡೋದಂತೂ ಕನಸಲ್ಲೂ ಬೇಡ. ಅದಕ್ಕೆ ಹಂದಿ ಯಾವುದು, ಬೆಳಗಿನ ಜಾವ ನೀರು ಕಟ್ಟೋಕೆ ಬಂದ ಪಕ್ಕದ ಮನೆಯವನು ಯಾವುದು ಅಂತ ಗೊತ್ತಾಗಲ್ಲ.

ಕೊನೆಗೆ ಕಚೇರಿಯವರಿಗೂ ಒಂದು ಮಾತು, ಓದ್ತಾರೋ ಇಲ್ವೋ. ನನ್ನ ಅಪ್ಪನ ಕೋವಿ ನನ್ನ ಹೆಸರಿಗಾಗೋಕೆ ಎರಡು ವರ್ಷ ಓಡಾಡಿದ್ದೀನಿ. ಒಂದೊಂದು ಸಲ ಹೋದಾಗಲೂ ಒಂದು ಆಳಿನ ಕೆಲಸ ಹಾಳು. ಎಲೆಕ್ಷನ್ ಬಂದ್ರೆ ಕೋವಿ ಸ್ಟೇಷನ್ನಿಗೆ ಕೊಟ್ಟು ಬರಬೇಕು, ಹಂದಿಗೆ ಮಾತ್ರ ನೀತಿ ಸಂಹಿತೆ ಇಲ್ಲ. ಮುಂಬಾಗಿಲನ್ನ ಇಷ್ಟು ಇಕ್ಕಟ್ಟು ಮಾಡಿಟ್ರೆ ಜನ ಹಿತ್ತಲ ಬಾಗಿಲು ಹುಡುಕ್ತಾರೆ. ಹುಡುಕೋದು ಸರಿ ಅಂತಲ್ಲ. ಆದ್ರೆ ತಪ್ಪು ಒಂದೇ ಕಡೆ ಇಲ್ಲ.

ಹುಡುಗ ಇನ್ನೂ ಪೂರ್ತಿ ಒಪ್ಪಿಲ್ಲ. "ಅರ್ಜಿ ಮಂಜೂರಾಗೋದ್ರೊಳಗೆ ಮುಂದಿನ ಬೆಳೆಯೂ ಹೋಗತ್ತೆ ಮಾವ" ಅಂದ. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. "ಈ ವಾರ ನಿನ್ನ ಗದ್ದೆ ಕಾಯೋಕೆ ನಾನೂ ಬರ್ತೀನಿ" ಅಂದೆ. ನಿನ್ನೆ ರಾತ್ರಿ ಇಬ್ಬರೂ ಮಾಳದಲ್ಲಿದ್ವಿ, ಹಂದಿ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಅವನ ಅರ್ಜಿ ಬರೆಯೋಕೆ ಕೂರ್ತೀವಿ. ಬೆಳೆ ಪರಿಹಾರಕ್ಕೆ ಅರಣ್ಯ ಇಲಾಖೆಗೆ ಹಾಕೋ ಅರ್ಜಿಯನ್ನೂ ಜೊತೆಗೇ ಬರೆಯೋದು. ಬೇಕಾದವರು ಪಹಣಿ ತಗೊಂಡು ನಮ್ಮ ಮನೆಗೆ ಬನ್ನಿ, ಒಟ್ಟಿಗೇ ಹಾಕಿದ್ರೆ ಒಬ್ಬೊಬ್ಬರೇ ಅಲೆಯೋದು ತಪ್ಪತ್ತೆ. ಕಾಫಿ, ತಿಂಡಿ ನಮ್ಮಲ್ಲೇ. ಆಚಾರ್ರ ಹತ್ರ ಹೋಗೋದಿದ್ರೆ ಕತ್ತಿ ಹಣಿಸೋಕೆ ಹೋಗಿ, ಕೊಯ್ಲು ಹತ್ರ ಬಂತು.