ಬೆಟ್ಟಕ್ಕೆ ವರ್ಷವಿಡೀ ಜನ, ಯಳಂದೂರು ಪೇಟೆಗೆ ಸಿಕ್ಕಿದ್ದೇನು?

ಯಳಂದೂರು: ಬಿಳಿಗಿರಿರಂಗನ ಬೆಟ್ಟಕ್ಕೆ ಈಗ ಸೀಜನ್ ಅನ್ನೋದೇ ಇಲ್ಲ. ವೈಶಾಖದ ತೇರಿಗೆ ಭಕ್ತರು, ಮಳೆಗಾಲಕ್ಕೆ ಮಂಜು ನೋಡೋರು, ಚಳಿಗಾಲಕ್ಕೆ ಕೆ.ಗುಡಿ ಸಫಾರಿಯವರು. ಭಾನುವಾರ ಬಂತೆಂದರೆ ಮೈಸೂರು, ಬೆಂಗಳೂರಿನ ಕಾರುಗಳು. ಆದರೆ ಅವುಗಳಲ್ಲಿ ನಮ್ಮ ಪೇಟೆಯಲ್ಲಿ ನಿಲ್ಲೋದು ಕಡಿಮೆ. ನೀರಿನ ಬಾಟಲಿ, ತಿಂಡಿ ಎಲ್ಲ ಊರಿಂದಲೇ ಕಟ್ಟಿಕೊಂಡು ಬಂದಿರ್ತಾರೆ.

ಇಲ್ಲಿ ಲೆಕ್ಕ ಹಾಕಬೇಕಾದ್ದು ರಾತ್ರಿಯದ್ದು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಈ ಕಾಡು ಸುಮಾರು 574 ಚದರ ಕಿ.ಮೀ. ಕತ್ತಲಾದ ಮೇಲೆ ಕಾಡಿನ ರಸ್ತೆಯಲ್ಲಿ ವಾಹನ ಬಿಡೋದಿಲ್ಲ. ಮೇಲೆ ರೂಮು ಸಿಗದವರು ಸಂಜೆಯೊಳಗೆ ಇಳಿಯಲೇಬೇಕು. ಇಳಿದವರು ಮಲಗಲು ಮೈಸೂರಿಗೆ ಹೋಗ್ತಾರೆ, ದುಡ್ಡೂ ಅಲ್ಲಿಗೇ ಹೋಗುತ್ತೆ.

ಮಲೆ ಮಹದೇಶ್ವರ ಬೆಟ್ಟದ ಕತೆ ಬೇರೆ. ಅಲ್ಲಿ ಭಕ್ತರು ರಾತ್ರಿ ತಂಗುತ್ತಾರೆ. ಅಮಾವಾಸ್ಯೆ ಬಂದರೆ ಕೊಳ್ಳೇಗಾಲದ ಬಸ್ ನಿಲ್ದಾಣದಿಂದ ಹನೂರಿನ ಟೀ ಅಂಗಡಿವರೆಗೆ ವ್ಯಾಪಾರ.

ಬೆಟ್ಟದ ಮೇಲೆ ಇನ್ನಷ್ಟು ರೆಸಾರ್ಟ್ ಬೇಕು ಅನ್ನೋ ಕೂಗು ಆಗಾಗ ಏಳುತ್ತೆ. ಅದು ಕಾಡಿಗೂ ಒಳ್ಳೇದಲ್ಲ, ಕೆಳಗಿನ ಅಂಗಡಿಗೂ ಲಾಭವಿಲ್ಲ. 2011ರಲ್ಲೇ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿದೆ. ಅವರ ಜೇನು, ನೆಲ್ಲಿಕಾಯಿ ಪೇಟೆಯ ಅಂಗಡಿಯಲ್ಲಿ ಕಣ್ಣಿಗೆ ಬೀಳುವಂತಿದ್ದರೆ ಕೊಳ್ಳೋರು ನಿಲ್ಲದೆ ಇರ್ತಾರಾ?

ಯಳಂದೂರು, ಕೊಳ್ಳೇಗಾಲದಲ್ಲಿ ಚೊಕ್ಕಟವಾದ ನಾಲ್ಕು ರೂಮು, ಮಹಿಳೆಯರಿಗೆ ಶೌಚಾಲಯ, ಗೇಟು ತೆರೆಯೋ ಮೊದಲೇ ಬಿಸಿ ಇಡ್ಲಿ. ಸದ್ಯಕ್ಕೆ ಬೇಕಿರೋದು ಇಷ್ಟು.