ರೆಕಾರ್ಡಿನ ಹಿಂಬದಿಯಲ್ಲಿ ಉಳಿದ ಹಾಡುಗಳು

2025ರ ಜುಲೈ 4ರಂದು ಕಾರ್ಡಿಫ್ ನಗರದಲ್ಲಿ ಒಯಾಸಿಸ್ ಬ್ಯಾಂಡು ಹದಿನಾರು ವರ್ಷಗಳ ನಂತರ ಮತ್ತೆ ವೇದಿಕೆ ಹತ್ತಿತು. ಅಣ್ಣ ನೋಯೆಲ್ ಗ್ಯಾಲಗರ್, ತಮ್ಮ ಲಿಯಮ್ ಇಬ್ಬರೂ ಕೈ ಹಿಡಿದುಕೊಂಡು ಬಂದದ್ದನ್ನೇ ಎಲ್ಲ ಪತ್ರಿಕೆಗಳೂ ಮುಖಪುಟದಲ್ಲಿ ಹಾಕಿದವು. ನಮಗೆ ಅದಕ್ಕಿಂತ ಕುತೂಹಲ ಹುಟ್ಟಿಸಿದ್ದು ಅಂದು ಹಾಡಿದ 23 ಹಾಡುಗಳ ಪಟ್ಟಿ. ಎರಡನೆಯದಾಗಿಯೇ ‘ಅಕ್ವಿಯೆಸ್’ ಬಂತು. ನಡುವೆ ‘ಫೇಡ್ ಅವೇ’, ‘ಟಾಕ್ ಟುನೈಟ್’, ‘ಹಾಫ್ ದಿ ವರ್ಲ್ಡ್ ಅವೇ’ ಬಂದವು. ಕೊನೆಯ ಸುತ್ತು ಶುರುವಾದದ್ದು ‘ದಿ ಮಾಸ್ಟರ್‌ಪ್ಲಾನ್’ನಿಂದ. ಈ ಐದೂ ಹಾಡುಗಳು ಬ್ಯಾಂಡಿನ ಏಳು ಸ್ಟುಡಿಯೋ ಆಲ್ಬಂಗಳಲ್ಲಿ ಎಲ್ಲೂ ಇಲ್ಲ. ಬೇರೆ ಹಾಡುಗಳ ಬೆನ್ನಿಗೆ ಅಂಟಿಸಿ ಬಿಟ್ಟವು ಇವು. ಅದೇ ರಾತ್ರಿ, ಒಂದು ಕಾಲಕ್ಕೆ ಬಿಡುಗಡೆಯ ದಿನವೇ ನಾಲ್ಕು ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾಗಿದ್ದ ‘ಬಿ ಹಿಯರ್ ನೌ’ ಆಲ್ಬಮ್ಮಿನಿಂದ ಹಾಡಿದ್ದು ಎರಡೇ ಎರಡು.

ಮೂವತ್ತು ವರ್ಷ ಕಳೆದ ಮೇಲೆ ಐದಕ್ಕೆ ಎರಡು ಎಂಬ ಈ ಲೆಕ್ಕ ಹೇಗೆ ಬಂತು ಎಂದು ತಿಳಿಯಬೇಕಾದರೆ 1998ರ ನವೆಂಬರಿನಲ್ಲಿ ಬಂದ ‘ದಿ ಮಾಸ್ಟರ್‌ಪ್ಲಾನ್’ ಎಂಬ ಸಂಕಲನವನ್ನು ಕೇಳಬೇಕು. ಹಿಂಬದಿಯ ಹಾಡುಗಳನ್ನೆಲ್ಲ ಆಯ್ದು, 14 ಹಾಡುಗಳ ಒಂದು ಆಲ್ಬಂ ಮಾಡಿ ಕ್ರಿಯೇಷನ್ ರೆಕಾರ್ಡ್ಸ್ ಮಾರಿತು. ಅದು ಒಯಾಸಿಸ್‌ನ ಮೂರನೇ ಒಳ್ಳೆಯ ಆಲ್ಬಂ ಎಂಬುದು ನಮ್ಮ ವಾದ. ಮೊದಲೆರಡನ್ನು ಬಿಟ್ಟರೆ ಇದೇ.

ಹೊಸಬರಿಗಾಗಿ ಬಿ ಸೈಡ್ ಎಂದರೇನೆಂದು ಎರಡು ಮಾತು. ನಿಮಿಷಕ್ಕೆ 45 ಸುತ್ತು ತಿರುಗುವ 7 ಅಂಗುಲದ ಪುಟ್ಟ ರೆಕಾರ್ಡಿಗೆ ಎರಡು ಮುಖ. ಮುಂದಿನ ಮುಖದಲ್ಲಿ ರೇಡಿಯೋಕ್ಕೆ ಕಳಿಸುವ ಹಾಡು. ಹಿಂದಿನ ಮುಖ ಖಾಲಿ ಬಿಡಲಾಗದು, ಹಾಗಾಗಿ ಅಲ್ಲಿಗೂ ಏನೋ ಒಂದು. ಕ್ಯಾಸೆಟ್ಟನ್ನು ತಿರುಗಿಸಿ ಹಾಕಿ ಬೆಳೆದವರಿಗೆ ಎ ಸೈಡು, ಬಿ ಸೈಡು ಹೇಳಿಕೊಡಬೇಕಾಗಿಲ್ಲ. ಆದರೆ ನಮ್ಮ ಕ್ಯಾಸೆಟ್ಟಿನ ಬಿ ಸೈಡು ಉಳಿದರ್ಧ ಅಷ್ಟೇ, ಅದರಲ್ಲಿ ಮೇಲು ಕೀಳು ಇರಲಿಲ್ಲ. ಇಂಗ್ಲೆಂಡಿನ ಸಿಂಗಲ್ ರೆಕಾರ್ಡಿನಲ್ಲಿ ಅದು ಸ್ಥಾನಮಾನದ ವಿಷಯ. ಮುಂದಿನ ಮುಖಕ್ಕೆ ಹೆಸರು, ಹಿಂದಿನದಕ್ಕೆ ಜಾಗ. ಹಾಗಿದ್ದೂ ಹಿಂದಿನ ಮುಖದಿಂದ ಎದ್ದು ಬಂದ ಹಾಡುಗಳಿಗೇನೂ ಕಡಿಮೆಯಿಲ್ಲ. ಇವತ್ತಿಗೂ ಆಟದ ಮೈದಾನಗಳಲ್ಲಿ ಚಪ್ಪಾಳೆ ತಟ್ಟಿಸುವ ಕ್ವೀನ್ ಬ್ಯಾಂಡಿನ ‘ವಿ ವಿಲ್ ರಾಕ್ ಯೂ’ 1977ರಲ್ಲಿ ‘ವಿ ಆರ್ ದಿ ಚಾಂಪಿಯನ್ಸ್’ನ ಬಿ ಸೈಡಾಗಿಯೇ ಬಂದದ್ದು.

ತೊಂಬತ್ತರ ದಶಕಕ್ಕೆ ಬರುವ ಹೊತ್ತಿಗೆ ಸಿಂಗಲ್ ಎಂದರೆ ಸಿ.ಡಿ. ಅದಕ್ಕೆ ಹಿಂಬದಿಯೇ ಇಲ್ಲ, ಆದರೂ ಹೆಸರು ಉಳಿಯಿತು. ಒಂದು ಹಾಡಿಗೆ ದುಡ್ಡು ಕೊಡಿಸಬೇಕಾದರೆ ಜೊತೆಗೆ ಮೂರು ಹೊಸ ಹಾಡು ಸೇರಿಸಿ ಕೊಡುವುದು ಬ್ರಿಟನ್ನಿನ ಕಂಪನಿಗಳ ವ್ಯಾಪಾರದ ಕ್ರಮವಾಗಿತ್ತು. ಸಂತೆಯಲ್ಲಿ ಸೊಪ್ಪು ಕೊಂಡರೆ ಮೇಲೊಂದು ಹಿಡಿ ಕೊತ್ತಂಬರಿ ಹಾಕಿಕೊಡುವ ಹಾಗೆ. ಬಹಳ ಬ್ಯಾಂಡುಗಳು ಕೊತ್ತಂಬರಿಯಷ್ಟನ್ನೇ ಕೊಡುತ್ತಿದ್ದವು: ಹಳೆಯ ಹಾಡಿನ ರೀಮಿಕ್ಸು, ಯಾವುದೋ ಊರಿನ ಲೈವ್ ರೆಕಾರ್ಡಿಂಗು. ನೋಯೆಲ್ ಗ್ಯಾಲಗರ್ ಮಾತ್ರ ಇಡೀ ಬುಟ್ಟಿಯನ್ನೇ ಸುರಿದುಬಿಟ್ಟ.

1995ರ ಏಪ್ರಿಲ್‌ನಲ್ಲಿ ಬಂದ ‘ಸಮ್ ಮೈಟ್ ಸೇ’ ಸಿ.ಡಿ.ಯನ್ನು ನೋಡಿ. ಬ್ರಿಟನ್ನಿನ ಪಟ್ಟಿಯಲ್ಲಿ ಒಯಾಸಿಸ್‌ಗೆ ಮೊದಲ ಬಾರಿಗೆ ಒಂದನೇ ಸ್ಥಾನ ತಂದುಕೊಟ್ಟ ಹಾಡು ಅದು. ಅದರ ಬೆನ್ನಿಗೆ ‘ಟಾಕ್ ಟುನೈಟ್’, ‘ಅಕ್ವಿಯೆಸ್’, ‘ಹೆಡ್‌ಶ್ರಿಂಕರ್’. ಮೂರೂ ಆಮೇಲೆ ಸಂಕಲನಕ್ಕೆ ಬಂದವು. ಈಗ ಕೇಳಿದರೆ ಮುಂದಿನ ಹಾಡಿಗಿಂತ ಹಿಂದಿನ ಎರಡು ಹಾಡು ಹೆಚ್ಚು ಬಾಳಿವೆ. ಅದೇ ವರ್ಷ ಅಕ್ಟೋಬರಿನಲ್ಲಿ ‘ವಂಡರ್‌ವಾಲ್’ ಬಂತು. ಅದರ ಹಿಂದೆ, ನಾಲ್ಕನೆಯದಾಗಿ, ‘ದಿ ಮಾಸ್ಟರ್‌ಪ್ಲಾನ್’. ಪಿಟೀಲುಗಳು, ತುತ್ತೂರಿಗಳು ಎಲ್ಲ ಸೇರಿ ಒಂದು ಮೆರವಣಿಗೆಯಂತೆ ಏರುವ ಹಾಡು. ಇದು ಬಿ ಸೈಡಿಗೆ ಹಾಕುವಂಥದ್ದಲ್ಲ ಎಂದು ಕ್ರಿಯೇಷನ್‌ನ ಯಜಮಾನ ಅಲನ್ ಮೆಗೀ ಕೂಡ ಹೇಳಿ ನೋಡಿದನಂತೆ. ನೋಯೆಲ್ ಕೇಳಲಿಲ್ಲ.

ಯಾಕೆ ಕೇಳಲಿಲ್ಲ ಎಂಬುದರ ಮೇಲೆ ನಮ್ಮ ಗುಂಪಿನಲ್ಲೇ ಎರಡು ಪಕ್ಷಗಳಿವೆ. ಒಂದು ಪಕ್ಷದವರ ಪ್ರಕಾರ ಅದು ಬರೀ ಹಮ್ಮು. ದಿನಕ್ಕೊಂದು ಒಳ್ಳೆಯ ಹಾಡು ಹುಟ್ಟುತ್ತಿದ್ದಾಗ ನಾಳೆ ಹುಟ್ಟದಿರಬಹುದು ಎಂಬ ಯೋಚನೆ ಯಾರಿಗೆ ಬರುತ್ತದೆ? ನೀರು ತುಂಬಿರುವಾಗ ಬಾವಿಯ ಆಳ ಯಾರೂ ನೋಡುವುದಿಲ್ಲ. ಬಂದೇ ಬಂತು 1997. ‘ಬಿ ಹಿಯರ್ ನೌ’ ಕಾಲಕ್ಕೆ ಬಾವಿಯ ತಳ ಕಂಡಿತ್ತು. ಮಾಸ್ಟರ್‌ಪ್ಲಾನ್ ಸಂಕಲನಕ್ಕೆ ಆ ಕಾಲದ ಸಿಂಗಲ್‌ಗಳಿಂದ ಸಿಕ್ಕಿದ್ದು ಎರಡೇ ಹಾಡು, ‘ಸ್ಟೇ ಯಂಗ್’ ಮತ್ತು ‘ಗೋಯಿಂಗ್ ನೋವೇರ್’. ಉಳಿದ 12 ಹಾಡುಗಳು 1994ರಿಂದ 1996ರ ಆರಂಭದ ಒಳಗಿನವು. ಆ ಹಾಡುಗಳನ್ನು ಕೂಡಿಟ್ಟಿದ್ದರೆ ಅದೇ ಬ್ಯಾಂಡಿನ ಮೂರನೇ ಆಲ್ಬಂ ಆಗುತ್ತಿತ್ತು ಎಂದು ಈಗಲೂ ಬಹಳ ಮಂದಿ ಹಲುಬುತ್ತಾರೆ. ನೋಯೆಲ್ ಕೂಡ ಅದೇ ಅರ್ಥದ ಮಾತನ್ನು ಹಲವು ಸಂದರ್ಶನಗಳಲ್ಲಿ ಆಡಿದ್ದಾನೆ.

ನಾವು, ಅಂದರೆ ನಮ್ಮಲ್ಲಿ ಹೆಚ್ಚಿನವರು, ಇದನ್ನು ಒಪ್ಪುವುದಿಲ್ಲ. ಆ ಹಾಡುಗಳು ಬಿ ಸೈಡ್ ಆಗಿದ್ದವು ಎಂಬುದಕ್ಕೇ ಅಷ್ಟು ಚೆನ್ನಾಗಿವೆ ಎನ್ನುವುದು ನಮ್ಮ ಪಕ್ಷ.

‘ಟಾಕ್ ಟುನೈಟ್’ ಹುಟ್ಟಿದ ಕತೆ ಕೇಳಿ. 1994ರ ಸೆಪ್ಟೆಂಬರ್ ಕೊನೆಗೆ ಲಾಸ್ ಏಂಜಲಿಸ್‌ನ ಒಂದು ಕಾರ್ಯಕ್ರಮ ಹಳ್ಳ ಹಿಡಿಯಿತು. ಅಣ್ಣ ತಮ್ಮಂದಿರಿಗೆ ಜಗಳವಾಗಿ ನೋಯೆಲ್ ಯಾರಿಗೂ ಹೇಳದೆ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟುಹೋದ. ಬ್ಯಾಂಡು ಅಲ್ಲಿಗೆ ಮುಗಿಯಿತೆಂದೇ ಲೆಕ್ಕ. ಅಲ್ಲಿ ಒಬ್ಬ ಪರಿಚಯದ ಹುಡುಗಿ ಅವನನ್ನು ಕೂರಿಸಿ, ಊಟ ಹಾಕಿ, ಮಾತಾಡಿಸಿ, ವಾಪಸ್ ಹೋಗಲು ಒಪ್ಪಿಸಿದಳು. ಕೆಲವೇ ದಿನಗಳಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಒಂದು ಸ್ಟುಡಿಯೋ ಹಿಡಿದು ಆ ರಾತ್ರಿಯ ಹಾಡನ್ನು ರೆಕಾರ್ಡ್ ಮಾಡಿದರು. ಗಿಟಾರು, ಗಂಟಲು, ಬಹುತೇಕ ಅಷ್ಟೇ. ‘ಹಾಫ್ ದಿ ವರ್ಲ್ಡ್ ಅವೇ’ ಕೂಡ ಅದೇ ಸ್ಟುಡಿಯೋದ್ದು. ಆಲ್ಬಮ್ಮಿಗಾಗಿ ಮಾಡುವುದಾಗಿದ್ದರೆ ಇಷ್ಟು ಸರಳವಾಗಿ ಬಿಡುತ್ತಿದ್ದರೆ? ಮೇಲೆ ನಾಲ್ಕು ಗಿಟಾರು ಪೇರಿಸುತ್ತಿದ್ದರು. ‘ಬಿ ಹಿಯರ್ ನೌ’ನಲ್ಲಿ ಆಗಿದ್ದು ಅದೇ ತಾನೆ. ದುಡ್ಡಿಗೂ ಸಮಯಕ್ಕೂ ಲೆಕ್ಕವಿಲ್ಲದೆ ಮಾಡಿದ ಆಲ್ಬಂ. ‘ಆಲ್ ಅರೌಂಡ್ ದಿ ವರ್ಲ್ಡ್’ ಎಂಬ ಹಾಡು 9 ನಿಮಿಷ ದಾಟಿಯೂ ಮುಗಿಯುವ ಲಕ್ಷಣ ತೋರುವುದಿಲ್ಲ.

ಇನ್ನೊಂದು ಮಾತು. ಒಯಾಸಿಸ್‌ನ ಹಾಡು ಬರೆಯುತ್ತಿದ್ದವನು ನೋಯೆಲ್, ಹಾಡುತ್ತಿದ್ದವನು ಲಿಯಮ್. ಮೊದಲ ಆಲ್ಬಮ್ಮಿನಲ್ಲಿ ನೋಯೆಲ್ ಮುಖ್ಯ ಗಾಯಕನಾಗಿ ಒಂದೂ ಹಾಡು ಹಾಡಿಲ್ಲ. ಎರಡನೆಯದರಲ್ಲಿ ‘ಡೋಂಟ್ ಲುಕ್ ಬ್ಯಾಕ್ ಇನ್ ಆಂಗರ್’ ಒಂದೇ. ಬರೆದವನ ಸ್ವಂತ ದನಿಗೆ ಜಾಗ ಸಿಕ್ಕಿದ್ದು ಹಿಂಬದಿಯಲ್ಲಿ. ಈ ಸಂಕಲನದಲ್ಲಿ ಅವನು ನಾಲ್ಕು ಹಾಡು ಪೂರ್ತಿ ಹಾಡಿದ್ದಾನೆ, ‘ಅಕ್ವಿಯೆಸ್’ನಲ್ಲಿ ತಮ್ಮನಿಗೆ ಚರಣ ಬಿಟ್ಟು ಪಲ್ಲವಿ ತಾನು ಎತ್ತಿಕೊಂಡಿದ್ದಾನೆ. ಹದಿನಾರು ವರ್ಷ ಮುಖ ನೋಡದೆ ಇದ್ದ ಇಬ್ಬರು ಮತ್ತೆ ಸೇರಿದಾಗ ಎರಡನೆಯದಾಗಿ ಆ ಹಾಡನ್ನೇ ಇಟ್ಟದ್ದು ಅದಕ್ಕೇ ಇರಬೇಕು. ಇಬ್ಬರ ದನಿಯೂ ಸಮನಾಗಿ ಕೇಳುವ ಹಾಡು ಅವರ ಬಳಿ ಬೇರೆ ಎಷ್ಟಿದೆ?

ಇಷ್ಟು ಹೊತ್ತು ಮ್ಯಾಂಚೆಸ್ಟರಿನ ಬ್ಯಾಂಡಿನ ಪರವಾಗಿ ವಕಾಲತ್ತು ಮಾಡುತ್ತಿರುವುದಕ್ಕೆ ನಮ್ಮದೂ ಒಂದು ಕಾರಣವಿದೆ. ಗ್ರಾಮೀಣ ಪತ್ರಿಕೋದ್ಯಮ ಓದಿ ತಾಲ್ಲೂಕುಗಳಿಂದ ಸುದ್ದಿ ಕಳಿಸಿದವರಿಗೆ ಹಿಂಬದಿ ಎಂದರೇನೆಂದು ಚೆನ್ನಾಗಿ ಗೊತ್ತು. ಸುದ್ದಿ ಜಿಲ್ಲಾ ಪುಟದಲ್ಲಿ ಹುಟ್ಟಿ ಅಲ್ಲೇ ಮುಗಿಯುತ್ತದೆ. ಬೆಂಗಳೂರು ಆವೃತ್ತಿ ಓದುವವರಿಗೆ ಅದು ಬಂದದ್ದೇ ತಿಳಿಯುವುದಿಲ್ಲ. ಆದರೆ ನಮ್ಮಲ್ಲಿ ಯಾರನ್ನೇ ಕೇಳಿ, ಮನಸ್ಸಿಗೆ ಒಪ್ಪುವಂತೆ ಬರೆದ ವರದಿ ಎಲ್ಲಿ ಬಂತೆಂದರೆ ಜಿಲ್ಲಾ ಪುಟದಲ್ಲೇ ಎನ್ನುತ್ತಾರೆ. ಕೆರೆಯ ಹೂಳಿನ ಬಗ್ಗೆ, ನಿಂತುಹೋದ ಬಸ್ಸಿನ ಬಗ್ಗೆ, ಜಾತ್ರೆಯಲ್ಲಿ ಬೊಂಬೆ ಮಾರುವವರ ಬಗ್ಗೆ ಅಲ್ಲಿ ಬರೆಯಬಹುದಿತ್ತು. ಮುಖಪುಟಕ್ಕಾದರೆ ಡೆಸ್ಕಿನವರು ಹತ್ತು ಸಲ ಕತ್ತರಿಸುತ್ತಿದ್ದರು, ನಾವೂ ಬರೆಯುವಾಗಲೇ ಅವರಿಗೆ ಒಪ್ಪುವಂತೆ ಬರೆಯುತ್ತಿದ್ದೆವು. ಈಗ ಆ ಪುಟಗಳು ನಮ್ಮ ಕಣ್ಣೆದುರೇ ಕಡಿಮೆಯಾಗಿವೆ. ಜಿಲ್ಲೆಗೆ ನಾಲ್ಕು ಪುಟ ಇದ್ದಲ್ಲಿ ಎರಡಾಗಿ, ಎರಡು ಜಿಲ್ಲೆಗೆ ಒಂದಾಗಿ. ಹೊಸದಾಗಿ ಬಂದ ಹುಡುಗ ಹುಡುಗಿಯರು ಕೈ ಪಳಗಿಸಿಕೊಳ್ಳುವುದು ಎಲ್ಲಿ?

ಹಾಡಿನ ಲೋಕದಲ್ಲೂ ಆಗಿರುವುದು ಅದೇ. ಸಿ.ಡಿ. ಸಿಂಗಲ್ ಸತ್ತಿತು. ಮೊಬೈಲಿನಲ್ಲಿ ಹಾಡು ಕೇಳುವ ಕಾಲದಲ್ಲಿ ಎಲ್ಲ ಹಾಡಿಗೂ ಒಂದೇ ಮುಖ, ಎಲ್ಲವೂ ಎ ಸೈಡೇ. ಮೇಲ್ನೋಟಕ್ಕೆ ಇದು ಸಮಾನತೆ. ಆದರೆ ಮೊದಲ ಕೆಲವು ಸೆಕೆಂಡಿನಲ್ಲಿ ಹಿಡಿದಿಡದಿದ್ದರೆ ಕೇಳುಗ ಬೆರಳು ಸರಿಸಿ ಮುಂದೆ ಹೋಗುತ್ತಾನೆ, ಹಾಗೆ ಹೋದದ್ದು ಲೆಕ್ಕಕ್ಕೂ ಸಿಗುತ್ತದೆ. ಯಾರೂ ಲೆಕ್ಕ ಇಡದ ಜಾಗವೊಂದಿತ್ತಲ್ಲ, ಅದು ಹೋಯಿತು. ಅಪರೂಪದ ಹಾಡುಗಳು ಈಗಲೂ ಹೊರಬರುತ್ತವೆ, ಹಳೆಯ ಆಲ್ಬಂಗಳ ದುಬಾರಿ ವಾರ್ಷಿಕೋತ್ಸವ ಪೆಟ್ಟಿಗೆಗಳಲ್ಲಿ. ಅವು ಹೆಚ್ಚಾಗಿ ಬಿಟ್ಟ ಹಾಡುಗಳು, ಕೊಟ್ಟ ಹಾಡುಗಳಲ್ಲ.

ಈ ವ್ಯತ್ಯಾಸ ಮುಖ್ಯ. ಇಂಥ ಸಂಕಲನಗಳು ಒಯಾಸಿಸ್‌ಗಿಂತ ಮೊದಲೂ ಇದ್ದವು. ಆರ್.ಇ.ಎಂ. ಬ್ಯಾಂಡು 1987ರಲ್ಲಿ ‘ಡೆಡ್ ಲೆಟರ್ ಆಫೀಸ್’ ತಂದಿತು. ಹೆಸರೇ ಹೇಳುವಂತೆ ವಿಳಾಸ ತಲುಪದ ಕಾಗದಗಳ ಕಟ್ಟು ಅದು, ತಮಾಷೆಗೆ ಹಾಡಿದ್ದೂ ಉಂಟು. ನಿರ್ವಾಣ 1992ರಲ್ಲಿ ‘ಇನ್ಸೆಸ್ಟಿಸೈಡ್’ ತಂದಿತು. ಸ್ವೇಡ್ 1997ರಲ್ಲಿ ಎರಡು ಸಿ.ಡಿ. ತುಂಬ ಬಿ ಸೈಡ್ ಕೊಟ್ಟಿತು. ಅದರ ಮೊದಲ ಸಿ.ಡಿ. ಮಾಸ್ಟರ್‌ಪ್ಲಾನ್‌ಗೆ ಪೈಪೋಟಿ ಕೊಡಬಲ್ಲದು ಎಂದು ನಮ್ಮಲ್ಲೊಬ್ಬರು ಪಟ್ಟು ಹಿಡಿದಿದ್ದಾರೆ, ಇರಲಿ.

ಹಾಗೆಂದು ಕ್ರಿಯೇಷನ್ ಕಂಪನಿ ಧರ್ಮಕ್ಕೆ ಈ ಸಂಕಲನ ಮಾಡಿತೆಂದು ಯಾರೂ ತಿಳಿಯಬೇಕಾಗಿಲ್ಲ. ಬ್ರಿಟನ್ನಿನ ಅಭಿಮಾನಿ ಒಂದೊಂದು ಸಿಂಗಲ್ಲಿಗೂ ದುಡ್ಡು ಕೊಟ್ಟು ಆ ಹಾಡುಗಳನ್ನು ಆಗಲೇ ಕೊಂಡಿದ್ದ. ಅವನಿಗೇ ಎರಡನೇ ಸಲ ಮಾರಿದರು, ಅವನು ಕೊಂಡ ಕೂಡ. ಆಲ್ಬಂ ಅಲ್ಲಿನ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಹೋಯಿತು. 2023ರ ನವೆಂಬರಿನಲ್ಲಿ 25 ವರ್ಷದ ನೆಪದಲ್ಲಿ ಮತ್ತೊಮ್ಮೆ ಮಾರಿದರು. ಆದರೆ ಅಮೆರಿಕದಂಥ ಕಡೆ ಈ ಸಿಂಗಲ್‌ಗಳು ಆಮದು ಬೆಲೆಗೆ ಮಾತ್ರ ಸಿಗುತ್ತಿದ್ದವು. ಅಲ್ಲಿಯವರಿಗೆ ಹಾಡುಗಳನ್ನು ತಲುಪಿಸಿದ್ದು ಸಂಕಲನವೇ. ವ್ಯಾಪಾರದ ಆಸೆ ಒಳ್ಳೆಯ ಕೆಲಸ ಮಾಡಿಸಿದ ಅಪರೂಪದ ಪ್ರಸಂಗಗಳಲ್ಲಿ ಇದೊಂದು.

ಆಯ್ಕೆಯ ಬಗ್ಗೆ ನಮ್ಮ ತಕರಾರೂ ಇದೆ. ‘ರೌಂಡ್ ಆರ್ ವೇ’ ಎಂಬ ಗೆಲುವಾದ ಹಾಡನ್ನು ಬಿಟ್ಟಿದ್ದಾರೆ. ಅದು ಬೀದಿಯ ಮಕ್ಕಳ, ಪೇಪರ್ ಹಾಕುವ ಹುಡುಗನ ಬೆಳಗಿನ ಹಾಡು. ಬದಲಿಗೆ ‘ದಿ ಸ್ವಾಂಪ್ ಸಾಂಗ್’ ಎಂಬ ಬರೀ ವಾದ್ಯದ ತುಣುಕನ್ನು ಹಾಕಿದ್ದಾರೆ, ಅದನ್ನು ದಾಟಿಸಿಯೇ ನಾವು ಕೇಳುವುದು. ಬೀಟಲ್ಸ್‌ನ ‘ಐ ಆ್ಯಮ್ ದಿ ವಾಲ್ರಸ್’ನ ಲೈವ್ ರೂಪ 6 ನಿಮಿಷ ಮೀರಿ ಎಳೆಯುತ್ತದೆ. ಅದನ್ನು ಕ್ಷಮಿಸಲು ಒಂದೇ ಕಾರಣ: ಬೀಟಲ್ಸ್ ಕೂಡ 1967ರಲ್ಲಿ ಅದನ್ನು ‘ಹಲೋ, ಗುಡ್‌ಬೈ’ ರೆಕಾರ್ಡಿನ ಬಿ ಸೈಡಿಗೇ ಹಾಕಿದ್ದರು.

‘ಹಾಫ್ ದಿ ವರ್ಲ್ಡ್ ಅವೇ’ಯ ಹಣೆಬರಹ ಮಾತ್ರ ಬೇರೆಯಾಯಿತು. ಸಂಕಲನ ಬಂದ 1998ರಲ್ಲೇ ಬಿಬಿಸಿಯಲ್ಲಿ ‘ದಿ ರಾಯ್ಲ್ ಫ್ಯಾಮಿಲಿ’ ಎಂಬ ಧಾರಾವಾಹಿ ಶುರುವಾಯಿತು. ಮ್ಯಾಂಚೆಸ್ಟರಿನ ದುಡಿಯುವ ವರ್ಗದ ಒಂದು ಮನೆ, ಒಂದು ಸೋಫಾ, ಎದುರಿಗೆ ಟಿ.ವಿ., ಕೂತು ಮಾತಾಡುವ ಜನ. ಅದರ ಶೀರ್ಷಿಕೆ ಗೀತೆಯಾಗಿ ಆ ಹಾಡು ಮನೆಮನೆಗೂ ಹೋಯಿತು. ಊರು ಬಿಟ್ಟು ಹೋಗಬೇಕೆನ್ನುವವನ ಹಾಡನ್ನು ಸೋಫಾ ಬಿಟ್ಟು ಏಳದವರ ಕತೆಗೆ ಇಟ್ಟದ್ದು ಎಂಥ ಜಾಣತನ!

ಇನ್ನೂ ಕೇಳದವರಿದ್ದರೆ ಆಲ್ಬಮ್ಮನ್ನು ಮೊದಲಿಂದ ಹಚ್ಚಬೇಡಿ. ‘ಟಾಕ್ ಟುನೈಟ್’ ಕೇಳಿ, ರಾತ್ರಿ ಹತ್ತರ ಮೇಲೆ. ಆಮೇಲೆ ‘ಫೇಡ್ ಅವೇ’, ಸದ್ದು ಜೋರು ಮಾಡಿ. ‘ರಾಕಿಂಗ್ ಚೇರ್’ ಮೂರನೆಯದು. ‘ದಿ ಮಾಸ್ಟರ್‌ಪ್ಲಾನ್’ ಕೊನೆಗಿರಲಿ, ಅವರೂ ಕೊನೆಗೇ ಇಟ್ಟಿದ್ದಾರೆ.